ಅಪ್‌ಡೇಟ್: ಕಾಲಿಮೇಟರ್‌ಗೆ ಟಂಗ್‌ಸ್ಟನ್ ಒಂದೇ ಸಾಕೇ?

ಉತ್ತರ ಕೊಟ್ಟ ಎಲ್ಲರಿಗೂ ಕಲಬುರಗಿಯಿಂದ ಶರಣು. ಎಂಎಸ್ಸಿ ಸೆಮಿನಾರ್‌ಗಾಗಿ ನಾನು ಕೇಳಿದ್ದು ಇಷ್ಟು: ಅಷ್ಟು ಸಾಂದ್ರವಾದ ಟಂಗ್‌ಸ್ಟನ್ ಇರುವಾಗ ಎಲ್ಲ ಕಾಲಿಮೇಟರ್‌ಗೂ (ಕಣ ವೇಗವರ್ಧಕದ ಬೀಮ್, ಅಂದರೆ ಕಣಗಳ ಕಿರಣದಿಂದ ಅಂಚಿಗೆ ಸರಿದ ಕಣಗಳನ್ನು ತಡೆದು ಹೀರುವ ಸಾಧನ) ಅದನ್ನೇ ಏಕೆ ಹಾಕಬಾರದು?

ಹಾಕಬಾರದು. ಟಂಗ್‌ಸ್ಟನ್ನಿನ ರೇಡಿಯೇಷನ್ ಲೆಂತ್ (ಭಾರೀ ಶಕ್ತಿಯ ಎಲೆಕ್ಟ್ರಾನ್ ತನ್ನ ಶಕ್ತಿಯ ಬಹುಪಾಲು ಕಳೆದುಕೊಳ್ಳುವ ದೂರ) 0.35 ಸೆಂ.ಮೀ., ಗ್ರಾಫೈಟಿನದು ಸುಮಾರು 19. ದಾರಿ ತಪ್ಪಿದ ಬೀಮ್ ಬಡಿದರೆ ಟಂಗ್‌ಸ್ಟನ್ನಿನಲ್ಲಿ ಶಕ್ತಿಯೆಲ್ಲ ಚಿಕ್ಕ ಜಾಗದಲ್ಲೇ ಇಳಿಯುತ್ತದೆ. ಆ ಜಾಗ ಮೈಕ್ರೋಸೆಕೆಂಡುಗಳಲ್ಲಿ ಕಾದು, ಹಿಗ್ಗಲು ಎಡೆ ಸಿಗದೆ ಒತ್ತಡದ ಅಲೆ ಏಳುತ್ತದೆ. ಕಾದ ಶಹಾಬಾದ್ ಕಲ್ಲಿಗೆ ತಣ್ಣೀರು ಬಿದ್ದಂತೆ ಬಿರುಕು. ಕರಗುವ ಬಿಂದು 3422 ಡಿಗ್ರಿ ಎಂದು ನಂಬುವಂತೆಯೂ ಇಲ್ಲ. ಬಳಸುವುದು ನಿಕ್ಕಲ್-ತಾಮ್ರ ಬೆರೆತ ಮಿಶ್ರಲೋಹ, ಟಂಗ್‌ಸ್ಟನ್ ಕಣಗಳನ್ನು ಹಿಡಿದಿಡುವ ಆ ನಿಕ್ಕಲ್-ತಾಮ್ರ ಬಹಳ ಮೊದಲೇ ಕರಗುತ್ತದೆ.

ಜಿನೀವಾ ಬಳಿಯ ಸರ್ನ್‌ನ ದೊಡ್ಡ ಕಣ ವೇಗವರ್ಧಕ ಎಲ್‌ಎಚ್‌ಸಿಯ ಒಂದು ಬೀಮ್‌ನಲ್ಲಿ ವಿನ್ಯಾಸದಂತೆ 362 ಮೆಗಾಜೌಲ್ ಶಕ್ತಿಯಿದೆ. ಹಾಗಾಗಿ ಅಲ್ಲಿ ಬೀಮ್‌ಗೆ ತೀರಾ ಹತ್ತಿರದ, ಕಾಲಿಮೇಟರ್‌ಗಳ ಮೊದಲೆರಡು ಹಂತಕ್ಕೆ ಕಾರ್ಬನ್-ಫೈಬರ್ ಕಾಂಪೋಸಿಟ್ ಹಾಕಿದರು, ಟಂಗ್‌ಸ್ಟನ್ ಮಿಶ್ರಲೋಹವನ್ನು ಹಿಂದೆ ಸರಿದ ಮೂರನೇ ಹಂತಕ್ಕೆ ಇಟ್ಟರು.

ನಾನು ಪೂರ್ತಿ ಮರೆತಿದ್ದು ಇಂಪೀಡೆನ್ಸ್, ಅಂದರೆ ಬೀಮ್ ಸುತ್ತಲ ವಸ್ತುವಿನಲ್ಲಿ ಎಬ್ಬಿಸಿದ ವಿದ್ಯುತ್ ಕ್ಷೇತ್ರ ತಿರುಗಿ ಬೀಮ್‌ನ ಮೇಲೇ ಬೀರುವ ಪರಿಣಾಮ! ಕಾಲಿಮೇಟರ್‌ನ ದವಡೆಗಳ (ಬೀಮ್‌ನ ಎರಡು ಬದಿಯ ತಡೆಗಟ್ಟಿಗಳ) ನಡುವೆ ಕೆಲವೇ ಮಿ.ಮೀ. ಅಂತರ, ಕಾರ್ಬನ್ನಿನ ವಿದ್ಯುತ್ ವಾಹಕತೆ ಕಡಿಮೆಯಾದ್ದರಿಂದ ಬೀಮ್ ಅಸ್ಥಿರವಾಗುತ್ತದೆ. ಅದಕ್ಕೇ ಎಲ್‌ಎಚ್‌ಸಿಯಲ್ಲಿ ಕಣಗಳ ಡಿಕ್ಕಿ ಹೆಚ್ಚಿಸುವ ಹೈ-ಲೂಮಿನಾಸಿಟಿ ನವೀಕರಣಕ್ಕೆ ಮಾಲಿಬ್ಡಿನಮ್-ಗ್ರಾಫೈಟ್ ಆರಿಸಿದ್ದಾರೆ, ಎರಡನೇ ಹಂತದ ದವಡೆಗಳಿಗೆ ಮೇಲೆ ಕೆಲವು ಮೈಕ್ರಾನ್ ಮಾಲಿಬ್ಡಿನಮ್ ಲೇಪವೂ ಇದೆ. ನನ್ನ ಸೆಮಿನಾರ್ ಕೋಷ್ಟಕದಲ್ಲಿ ಸಾಂದ್ರತೆಯ ಪಕ್ಕ ಈಗ ವಾಹಕತೆಯ ಕಾಲಂ ಸೇರಿಸಿದ್ದೇನೆ.