‘ಹ್ಯೂಮನ್ ಓವರ್‌ಸೈಟ್’: ಮೇಲ್ವಿಚಾರಣೆಯೋ, ಉಸ್ತುವಾರಿಯೋ, ನಿಗಾವೋ?

ಮಾನ್ಯರೇ,

ಕೃತಕ ಬುದ್ಧಿಮತ್ತೆಯ ನೀತಿ ಮತ್ತು ಕಾನೂನುಗಳನ್ನು ಕುರಿತು ಕನ್ನಡದಲ್ಲಿ ಕಿರುಹೊತ್ತಿಗೆಯೊಂದನ್ನು ಸಿದ್ಧಪಡಿಸುತ್ತಿರುವ ಬಸವನಗುಡಿಯ ನಾವು ನಾಲ್ಕೈದು ಮಂದಿ ‘ಹ್ಯೂಮನ್ ಓವರ್‌ಸೈಟ್’ (ಯಂತ್ರದ ಕೆಲಸದ ಮೇಲೆ ಮನುಷ್ಯರು ಕಣ್ಣಿಟ್ಟಿದ್ದು ಬೇಕಾದಾಗ ತಡೆಯುವುದು) ಎಂಬ ಪದದ ಬಳಿ ಎರಡು ವಾರಗಳಿಂದ ನಿಂತುಬಿಟ್ಟಿದ್ದೇವೆ. ಯುನೆಸ್ಕೊ 2021ರ ನವೆಂಬರಿನಲ್ಲಿ ಅಂಗೀಕರಿಸಿದ ಶಿಫಾರಸಿನಲ್ಲೂ 2024ರ ಆಗಸ್ಟ್ 1ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯಿದೆಯಲ್ಲೂ ಇದು ಅಡಿಗಲ್ಲಿನಂಥ ಪದವಾದ್ದರಿಂದ, ಏನೋ ಒಂದನ್ನು ಹಾಕಿ ಮುಂದೆ ಹೋಗುವಂತಿಲ್ಲ. ಅನುವಾದಯಂತ್ರವನ್ನು ಕೇಳಿದಾಗ ಅದು ಒಂದು ಕಡೆ ‘ಮಾನವ ಕಣ್ತಪ್ಪು’ ಎಂದು ಕೊಟ್ಟಿತು. ಕಣ್ಣಿಡುವುದು, ಕಣ್ತಪ್ಪುವುದು ಎರಡಕ್ಕೂ ಇಂಗ್ಲಿಷಿನಲ್ಲಿ ಅದೇ ಪದವಿರುವುದರಿಂದ ಯಂತ್ರವನ್ನು ಪೂರ್ತಿ ದೂರಲಾಗದು. ಆದರೂ ಯಂತ್ರದ ಮೇಲೆ ಮನುಷ್ಯರ ಕಣ್ಣಿರಬೇಕೆನ್ನುವ ವಾಕ್ಯದಲ್ಲೇ ಹಾಗಾದುದಕ್ಕೆ ನಕ್ಕೆವು.

ಐರೋಪ್ಯ ಕಾಯಿದೆಯ 14ನೆಯ ವಿಧಿಯ ಪ್ರಕಾರ, ಹೆಚ್ಚಿನ ಅಪಾಯದ ವ್ಯವಸ್ಥೆಯೊಂದನ್ನು ನೋಡಿಕೊಳ್ಳುವವರಿಗೆ ಅದರ ಶಕ್ತಿ ಮತ್ತು ಮಿತಿಗಳು ತಿಳಿದಿರಬೇಕು, ಯಂತ್ರ ಹೇಳಿದ್ದೇ ಸರಿಯೆಂದು ನೆಚ್ಚಿಬಿಡುವ ಪ್ರವೃತ್ತಿಯ ಬಗ್ಗೆ ಎಚ್ಚರವಿರಬೇಕು, ಅದು ಕೊಟ್ಟ ಫಲಿತಾಂಶವನ್ನು ಬದಿಗಿಡಲು, ಬೇಕಾದರೆ ಗುಂಡಿಯೊತ್ತಿ ಅದನ್ನು ನಿಲ್ಲಿಸಲು ಸಾಧ್ಯವಾಗಬೇಕು. ನೋಟ, ತಿಳಿವಳಿಕೆ, ತಡೆಯುವ ಅಧಿಕಾರ ಮೂರನ್ನೂ ಹೊರಬಲ್ಲ ಕನ್ನಡ ಪದ ಯಾವುದು?

‘ಮೇಲ್ವಿಚಾರಣೆ’ ಎಂದೊಡನೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಪ್ರೆಸ್ ಯಂತ್ರ ನಡೆಸಿದ ನಮ್ಮ ಹಿರಿಯ ಗೆಳೆಯರು ತಲೆಯಾಡಿಸಿದರು: “ಸೂಪರ್‌ವೈಸರು ಪುಸ್ತಕ ಹಿಡಿದು ಶೆಡ್ಡೆಲ್ಲ ಓಡಾಡುತ್ತಿದ್ದರು ಸ್ವಾಮಿ, ಕೆಂಪು ಗುಂಡಿ ಇದ್ದದ್ದು ನನ್ನ ಕೈಯಳತೆಯಲ್ಲಿ.” ‘ಉಸ್ತುವಾರಿ’ಯೆಂದರೆ ಧ್ವಜಾರೋಹಣಕ್ಕೂ ಪ್ರಗತಿ ಪರಿಶೀಲನಾ ಸಭೆಗೂ ಬಂದುಹೋಗುವ ಜಿಲ್ಲಾ ಉಸ್ತುವಾರಿ ಸಚಿವರು ನೆನಪಾಗುತ್ತಾರೆ (ಅವರು ಮನ್ನಿಸಬೇಕು). ‘ಕಣ್ಗಾವಲು’ ಸೊಗಸಾದ ಪದವೇನೋ ಹೌದು. ಆದರೆ ‘ಈ ಆವರಣವು ಸಿಸಿಟಿವಿ ಕಣ್ಗಾವಲಿನಲ್ಲಿದೆ’ ಎಂಬ ಫಲಕ ನಮ್ಮ ಬೀದಿಯ ಗೇಟುಗಳಲ್ಲೇ ತೂಗುತ್ತಿದೆ. ಸಾರ್ವಜನಿಕ ಸ್ಥಳಗಳಲ್ಲಿ ಪೊಲೀಸರು ಜನರ ಮುಖಗಳನ್ನು ಆ ಕ್ಷಣದಲ್ಲೇ ಗುರುತಿಸುವ ಯಂತ್ರಗಳನ್ನು ಬಳಸುವುದನ್ನು ಅದೇ ಕಾಯಿದೆಯ 5ನೆಯ ವಿಧಿ ಕೆಲವು ವಿನಾಯಿತಿಗಳ ಹೊರತು ನಿಷೇಧಿಸುತ್ತದೆ. ಒಂದೆಡೆ ನಿಷೇಧಿಸಿದ್ದಕ್ಕೂ ಇನ್ನೊಂದೆಡೆ ಕಡ್ಡಾಯ ಮಾಡಿದ್ದಕ್ಕೂ ಒಂದೇ ಪದವಾದರೆ ಓದುಗರು ದಿಕ್ಕುತಪ್ಪುತ್ತಾರೆ.

ನನ್ನ ಒಲವು ‘ನಿಗಾ’ದ ಕಡೆಗಿದೆ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಪರದೆಯ ಮೇಲಿನ ಅಂಕೆ ಇಳಿದರೆ ದಾದಿ ಅದನ್ನು ಬರೆದಿಟ್ಟುಕೊಂಡು ಸುಮ್ಮನಿರುವುದಿಲ್ಲ, ಎದ್ದು ರೋಗಿಯ ಬಳಿಗೆ ಹೋಗುತ್ತಾರೆ. ನೋಡುವುದು ಮತ್ತು ಕೈಹಾಕುವುದು ಆ ಬಳಕೆಯಲ್ಲಿ ಈಗಾಗಲೇ ಕೂಡಿಕೊಂಡಿವೆ.

ಇದಕ್ಕೊಂದು ಆಕ್ಷೇಪ ಬಂದಿದೆ. ಸಾವು ಬದುಕಿನ ತೀರ್ಮಾನಗಳನ್ನು ಯಂತ್ರಗಳಿಗೆ ಬಿಟ್ಟುಕೊಡಬಾರದು, ಕೊನೆಯ ಹೊಣೆ ಮನುಷ್ಯರದೇ ಎಂಬ ಯುನೆಸ್ಕೊ ಆಶಯ ‘ನಿಗಾ’ದಲ್ಲಿ ಬರುವುದಿಲ್ಲ ಎಂಬುದು ಆ ಆಕ್ಷೇಪ. ಬರುವುದಿಲ್ಲ, ನಿಜ, ಅದಕ್ಕೆ ‘ಹೊಣೆ’ಯನ್ನೇ ಬೇರೆಯಾಗಿ ಇಟ್ಟುಕೊಳ್ಳೋಣ ಎನ್ನುತ್ತೇನೆ. ಹಳಗನ್ನಡದ ‘ಪೊಣೆ’ಗೆ ಜಾಮೀನು ಎಂಬ ಅರ್ಥವಿದೆ. ಸಾಲ ಮಾಡಿದವನು ತನಗೆ ತಾನೇ ಜಾಮೀನು ನಿಲ್ಲಲಾಗದು, ಯಂತ್ರವೂ ಹಾಗೆಯೇ. ಇದೇ ಅರ್ಥಕ್ಕೆ ಬಳಸುವ ‘ಉತ್ತರದಾಯಿತ್ವ’ ಕಡತಗಳಿಂದ ಹೊರಬಂದಿಲ್ಲ. ‘ಜವಾಬ್ದಾರಿ’ಯೂ ‘ಜವಾಬು’ ಎಂದರೆ ಉತ್ತರ ಎಂಬುದರಿಂದಲೇ ಹುಟ್ಟಿದ್ದಾದರೂ ಬಳಸಿ ಬಳಸಿ ಬರಿಯ ‘ಕರ್ತವ್ಯ’ವಾಗಿ ಸವೆದಿದೆ.

ಉಳಿದಿರುವ ತೊಡಕು ಕರ್ತೃಪದದ್ದು. ಈ ಕೆಲಸಕ್ಕೆ ನೇಮಕವಾದವರನ್ನು ‘ನಿಗಾ ಇಡುವವರು’ ಎಂದು ಪ್ರತಿ ಸಾಲಿನಲ್ಲೂ ಬರೆಯುವುದು ಉದ್ದವಾಗುತ್ತದೆ, ‘ನಿಗಾಗಾರ’ ಕಿವಿಗೆ ಹಿಡಿಸದು. ‘ನಿಗಾ’ ಪಾರಸಿ ಮೂಲದ ಪದವಾದ್ದರಿಂದ ‘ಜಮೀನುದಾರ’ದಂತೆ ‘ನಿಗಾದಾರ’ ಎನ್ನಬಹುದೆಂದು ನನಗನ್ನಿಸುತ್ತದೆ. ಗಿರಣಿ, ಆಸ್ಪತ್ರೆ, ಹಳೆಯ ಮೈಸೂರಿನ ಕಚೇರಿ ಪತ್ರಗಳು, ಎಲ್ಲಿಯಾದರೂ ಈ ರೂಪವನ್ನು ಕೇಳಿದವರು ಅಥವಾ ಕಂಡವರು ಇದ್ದರೆ, ದಯವಿಟ್ಟು ಅದು ಬಂದ ಪೂರ್ತಿ ವಾಕ್ಯವನ್ನು ಬರೆದು ತಿಳಿಸಬೇಕು.