ಮಲ್ಟಿಮಾರ್ಬಿಡಿಟಿ, ಇಂಟಿಗ್ರೇಟೆಡ್ ಕೇರ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೊಸನಗರದ ಕಡೆ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಓದಿ ಹೇಳಲಿಕ್ಕೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಎರಡು ಪದ ಕೈಕೊಡುತ್ತಿವೆ.

ಮೊದಲನೆಯದು ಮಲ್ಟಿಮಾರ್ಬಿಡಿಟಿ. ಒಬ್ಬರಿಗೇ ಎರಡೋ ಮೂರೋ ಕಾಯಿಲೆ ವರ್ಷಗಟ್ಟಲೆ ಇರುವುದು. ಕೋವಿಡ್ ಸಮಯದಲ್ಲಿ ‘ಸಹವ್ಯಾಧಿ’ ಅಂತ ಓದಿದ್ದೀರಿ, ಅದು ಕೋಮಾರ್ಬಿಡಿಟಿಗೆ. 1970ರಲ್ಲಿ ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೈನ್ ಆ ಪದ ತಂದಾಗ ಲೆಕ್ಕ ಹೀಗಿತ್ತು: ಮುಖ್ಯ ರೋಗ ಒಂದು, ಅದರ ಜೊತೆಗೆ ಉಳಿದವು. ಮಲ್ಟಿಮಾರ್ಬಿಡಿಟಿಯಲ್ಲಿ ಯಾವ ಕಾಯಿಲೆಗೂ ಯಜಮಾನಿಕೆ ಇಲ್ಲ. ಹಾಗಾಗಿ ‘ಸಹ’ ಇಲ್ಲಿ ಕೂರುವುದಿಲ್ಲ. ‘ಬಹುರೋಗ’ ಅನ್ನಬಹುದು, ಆದರೆ ‘ನಿಂಗೇನು ರೋಗ ಬಂದಿರೋದು’ ಅಂತ ಬೈಯುವ ಊರಲ್ಲಿ ಅದನ್ನು ಓದಿ ಹೇಳುವುದು ಕಷ್ಟ. ಒಬ್ಬರು ‘ಹಲಬೇನೆ’ ಅಂದರು. ಕೇಳಲಿಕ್ಕೆ ಕನ್ನಡವೇ ಸರಿ, ಆದರೆ ಬೇನೆ ಅಂದ ಕೂಡಲೇ ನಮ್ಮ ಹೆಂಗಸರಿಗೆ ನೆನಪಾಗುವುದು ಹೆರಿಗೆ!

ಎರಡನೆಯದು ಇಂಟಿಗ್ರೇಟೆಡ್ ಕೇರ್, ಅಂದರೆ ಒಬ್ಬರ ಎಲ್ಲ ಕಾಯಿಲೆಗಳ ಚಿಕಿತ್ಸೆಯನ್ನೂ ಒಂದಕ್ಕೊಂದು ಹೊಂದಿಸಿ ನೋಡುವುದು. ಇದೇ ಜಾಸ್ತಿ ತೊಡಕು. ಇಂಟಿಗ್ರೇಟೆಡ್ ಅಂದರೆ ಸರ್ಕಾರಕ್ಕೆ ‘ಸಮಗ್ರ’. 1975ರ ಅಂಗನವಾಡಿ ಯೋಜನೆ ‘ಸಮಗ್ರ ಶಿಶು ಅಭಿವೃದ್ಧಿ’, ಅಡಿಕೆ ತೋಟದವರಿಗೆ ‘ಸಮಗ್ರ ಕೃಷಿ’. ಆದರೆ ಸಮಗ್ರ ಅಂದರೆ ಎಲ್ಲವೂ ಇದೆ ಅಂತಷ್ಟೇ ಕೇಳಿಸುತ್ತದೆ.

ನಮ್ಮ ಪಕ್ಕದ ಮನೆ ಅಜ್ಜಿಯನ್ನೇ ನೋಡಿ. ಶುಗರ್, ಬಿಪಿ, ಮೊಣಕಾಲು ನೋವು. ಮೂರು ಕಡೆಯ ಚೀಟಿ. ಓದು ಬಾರದ ಅವರಿಗೆ ಗುರುತು ಒಂದೇ: ನಡುವೆ ಗೆರೆ ಇರೋ ಬಿಳಿ ಮಾತ್ರೆ ಬೆಳಿಗ್ಗೆ, ಗೆರೆ ಇಲ್ಲದ್ದು ಊಟ ಆದ ಮೇಲೆ. ಮೊಣಕಾಲಿಗೆ ಕೊಟ್ಟಿದ್ದು ಡೈಕ್ಲೋಫೆನಾಕ್. ಅದು ಬಿಪಿ ಏರಿಸಬಲ್ಲದು, ಕಿಡ್ನಿಗೂ ಪೆಟ್ಟು ಕೊಡಬಲ್ಲದು. ಕಿಡ್ನಿ ಸೋತರೆ ಶುಗರಿನ ಮೆಟ್‌ಫಾರ್ಮಿನ್ ಕೂಡ ಇಳಿಸಬೇಕು, ಇಲ್ಲವೇ ನಿಲ್ಲಿಸಬೇಕು. ಒಂದೊಂದು ಚೀಟಿಯನ್ನೂ ಬೇರೆಯಾಗಿ ನೋಡಿದರೆ ಯಾರ ತಪ್ಪೂ ಕಾಣುವುದಿಲ್ಲ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು, ಇದಕ್ಕೆ ಅದು ಆಗುತ್ತದಾ ಅಂತ ನೋಡುವವರು ಬೇಕು. ಇಂಟಿಗ್ರೇಟೆಡ್ ಕೇರಿನ ತಿರುಳು ಅದೇ ಅಲ್ವಾ? ‘ಸಮಗ್ರ’ದಲ್ಲಿ ಅದು ಬರುವುದಿಲ್ಲ.

‘ಸಮನ್ವಿತ’ ಅರ್ಥಕ್ಕೆ ಹತ್ತಿರ, ಬಾಯಿಗೆ ದೂರ. ‘ಹೊಂದಾಣಿಕೆ ಚಿಕಿತ್ಸೆ’ ಅಂದರೆ ಚುನಾವಣೆ ವಾಸನೆ. ಸದ್ಯಕ್ಕೆ ‘ಹೊಂದಿಸಿದ ಚಿಕಿತ್ಸೆ’ ಅಂತ ಬರೆದಿಟ್ಟಿದ್ದೇನೆ. ಕೂಡುಕುಟುಂಬದ ಹಾಗೆ ‘ಕೂಡು ಆರೈಕೆ’ಯೂ ಆದೀತು, ಆದರೆ ಅದಕ್ಕೆ ಪಕ್ಕದಲ್ಲೇ ವಿವರಣೆ ಬೇಕಾಗುತ್ತದೆ. ನಿಮಗೆ ಯಾವುದು ಸಲೀಸು?

ಇನ್ನೊಂದು. ಸಾಗರ, ಸೊರಬ, ತೀರ್ಥಹಳ್ಳಿ ಕಡೆಯವರೇ, ನಾಲ್ಕಾರು ಸೀಕು ಒಟ್ಟಿಗೆ ಇಟ್ಟುಕೊಂಡು ಓಡಾಡುವವರಿಗೆ ನಿಮ್ಮ ಮನೆಯ ಹಿರಿಯರು ಏನಾದರೂ ಮಾತು ಬಳಸುತ್ತಿದ್ದರಾ? ತಮಾಷೆಯದಾದರೂ ಪರವಾಗಿಲ್ಲ, ಕಳಿಸಿ.