ಪದಚರ್ಚೆ: ‘ಕನೆಕ್ಟಿವಿಟಿ ಚೆಕ್’ – ಸಂಪರ್ಕ ಪರೀಕ್ಷೆಯೋ, ತಪಾಸಣೆಯೋ?

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಕೈಪಿಡಿಯನ್ನು ನಾಳೆ ಸಂಜೆಯೊಳಗೆ ಒಪ್ಪಿಸಬೇಕಾಗಿದೆ. ಎಐ ಏಜೆಂಟ್‌ಗಳು (ನಮ್ಮ ಪರವಾಗಿ ತಾವೇ ತೀರ್ಮಾನಿಸಿ ಕೆಲಸ ಮಾಡುವ ತಂತ್ರಾಂಶಗಳು) ಬಳಸುವ ಒಂದು ಪುಟ್ಟ ಸಲಕರಣೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏಜೆಂಟ್ ಯಾವುದಾದರೂ ಎಪಿಐಯನ್ನು (ಒಂದು ತಂತ್ರಾಂಶ ಇನ್ನೊಂದರ ಸೇವೆ ಪಡೆಯುವ ದಾರಿ) ಬಳಸುವ ಮೊದಲು, ಆ ಕಡೆಯ ಸರ್ವರ್ ಉತ್ತರ ಕೊಡುತ್ತಿದೆಯೇ, ನಮ್ಮ ಕೀಲಿಯನ್ನು (ಗುರುತು ತೋರಿಸುವ ಗುಟ್ಟಿನ ಸಂಕೇತ) ಒಪ್ಪುತ್ತಿದೆಯೇ ಎಂದು ಇದು ನೋಡಿ ಹೇಳುತ್ತದೆ. ಸಂಪರ್ಕ ಪರೀಕ್ಷೆ, ಸಂಪರ್ಕ ತಪಾಸಣೆ, ಸಂಪರ್ಕ ಪರಿಶೀಲನೆ – ಈ ಮೂರು ಹೊಳೆದಿವೆ. ಈ ವಿವರಣೆಯನ್ನು ಓದುವವರು ಮನುಷ್ಯರಷ್ಟೇ ಅಲ್ಲ ಎಂಬುದು ಇನ್ನೊಂದು ತೊಡಕು. ಯಾವ ಸಲಕರಣೆಯನ್ನು ಯಾವಾಗ ಕರೆಯಬೇಕೆಂದು ಏಜೆಂಟ್ ತೀರ್ಮಾನಿಸುವುದೂ ಇದೇ ವಾಕ್ಯಗಳನ್ನು ಓದಿ. ಎರಡರ್ಥ ಬರುವ ಪದ ಬೇಡ.

– ಮೈಸೂರಿನಿಂದ

*

ಮೂರೂ ಬೇಡ. ಸಂಪರ್ಕ, ಪರೀಕ್ಷೆ, ಪರಿಶೀಲನೆ ಸಂಸ್ಕೃತದವು. ತಪಾಸಣೆ ಮರಾಠಿಯಿಂದ ಬಂದದ್ದು. ‘ನಂಟಿನ ಒರೆ’ ಎಂದು ಬರೆಯಿರಿ. ಒರೆಗೆ ಹಚ್ಚುವುದು ಇಂದಿಗೂ ಬಳಕೆಯಲ್ಲಿರುವ ಮಾತು, ಒರೆಗಲ್ಲು ಯಾರಿಗೂ ಹೊಸದಲ್ಲ. ಕನ್ನಡದ್ದೇ ಬೇರುಗಳಿಂದ ಹೊಸ ಪದಗಳನ್ನು ಕಟ್ಟಬಹುದೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರೆದು ತೋರಿಸಿದ ಮೇಲೂ ನಾವು ಅಮರಕೋಶದ ಬಾಗಿಲಲ್ಲೇ ನಿಲ್ಲುವುದೇಕೆ? ‘ಮಿಂಚಂಚೆ’ ನಿಂತಿತು. ಇದೂ ನಿಲ್ಲುತ್ತದೆ.

– ಶಿವಮೊಗ್ಗದಿಂದ

*

‘ನಂಟಿನ ಒರೆ’ ನಡೆಯದು. ನಂಟ, ನೆಂಟ, ನಂಟು ಒಂದೇ ಬೇರಿನವು. ನಂಟು ಎಂದರೆ ಬೆಳೆದು ಉಳಿಯುವ ಬಾಂಧವ್ಯ. ಇಲ್ಲಿರುವುದು ಕ್ಷಣದ ಕೇಳಿಕೆ, ಕ್ಷಣದ ಉತ್ತರ. ಒರೆಯಂತೂ ಚಿನ್ನ ಎಷ್ಟು ಅಪ್ಪಟ ಎಂದು ಹೇಳುತ್ತದೆಯೇ ಹೊರತು ಪೆಟ್ಟಿಗೆಯಲ್ಲಿ ಚಿನ್ನ ಇದೆಯೇ ಎಂದಲ್ಲ. ಮೂಲ ಶುದ್ಧವಾಗಿದ್ದ ಮಾತ್ರಕ್ಕೆ ಅರ್ಥ ಹೊಂದುವುದಿಲ್ಲ.

ತಪಾಸಣೆ ಕೈಗೆ ಸಿಕ್ಕಿದ್ದನ್ನು ತಡಕಿ ನೋಡುವುದು: ವಾಹನ ತಪಾಸಣೆ, ಆರೋಗ್ಯ ತಪಾಸಣೆ. ಪರಿಶೀಲನೆ ಕಡತಗಳಿಗೆ ಸೇರಿದ್ದು. ಓದಿ, ತೂಗಿ ನೋಡುವುದು. ಮಾಡಿ ನೋಡಿ ಫಲ ತಿಳಿಯುವುದು ಪರೀಕ್ಷೆ: ರಕ್ತ ಪರೀಕ್ಷೆ, ಮಣ್ಣು ಪರೀಕ್ಷೆ. ಈ ಸಲಕರಣೆ ನಿಜವಾಗಿ ಒಂದು ಕೋರಿಕೆಯನ್ನು ಕಳುಹಿಸಿ ಏನಾಯಿತೆಂದು ನೋಡುವುದರಿಂದ ಸಂಪರ್ಕ ಪರೀಕ್ಷೆಯೇ ಸರಿ.

ಆದರೆ ಶೀರ್ಷಿಕೆಗಿಂತ ನನ್ನನ್ನು ಕಾಡುವುದು ಫಲಿತಾಂಶದ ಸಾಲುಗಳು. ಸೇತುವೆ ಮುಳುಗಿದರೆ ಊರಿಗೆ ‘ಸಂಪರ್ಕ ಕಡಿತ’. ಅಧಿಕಾರಿ ಫೋನ್ ಎತ್ತದಿದ್ದರೆ ‘ಸಂಪರ್ಕಕ್ಕೆ ಸಿಗಲಿಲ್ಲ’. ಫೋನ್ ಆಫ್ ಆಗಿದ್ದರೂ ಅದೇ ಮಾತು. ಪತ್ರಿಕೆಗೆ ಅಷ್ಟು ಸಾಕು, ಏಜೆಂಟ್‌ಗೆ ಸಾಲದು. ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಹೆಸರೇ ಸಿಗದಿರುವುದು ಒಂದು ಸ್ಥಿತಿ. ಗಡುವು ಮೀರಿದರೂ ಉತ್ತರ ಬಾರದಿರುವುದು ಇನ್ನೊಂದು. ಸರ್ವರ್ ಉತ್ತರದಲ್ಲಿ ಕಳುಹಿಸುವ ಸ್ಥಿತಿಸಂಖ್ಯೆಗಳೂ ಬೇರೆ ಬೇರೆ. 401 ಬಂದಿತೆಂದರೆ ಸರ್ವರ್ ಚೆನ್ನಾಗಿಯೇ ಇದೆ, ಕೀಲಿ ಇಲ್ಲ ಅಥವಾ ಸರಿಯಿಲ್ಲ. 403 ಎಂದರೆ ಈ ಕೆಲಸಕ್ಕೆ ಅನುಮತಿ ಇಲ್ಲ. 429 ಎಂದರೆ ಕೋರಿಕೆಗಳು ಮಿತಿ ಮೀರಿವೆ, ಸ್ವಲ್ಪ ಕಾಯಬೇಕು. ಎಷ್ಟು ಕಾಯಬೇಕೆಂದು ಸರ್ವರ್ ತಾನೇ ತಿಳಿಸಲೂಬಹುದು. 503 ಎಂದರೆ ಸೇವೆ ಸದ್ಯಕ್ಕಿಲ್ಲ. ಇವೆಲ್ಲಕ್ಕೂ ‘ಸಂಪರ್ಕವಿಲ್ಲ’ ಎಂದು ಬರೆದರೆ, ಕೆಟ್ಟ ಕೀಲಿಯನ್ನು ಹಿಡಿದುಕೊಂಡ ಏಜೆಂಟ್ ಅದೇ ಬಾಗಿಲನ್ನು ಬಡಿಯುತ್ತಲೇ ಇರುತ್ತದೆ. ಅನುವಾದದ ದೋಷ ಅಲ್ಲಿ ಕಾರ್ಯದ ದೋಷವಾಗುತ್ತದೆ. ತಲುಪಲಿಲ್ಲ, ಉತ್ತರ ಬರಲಿಲ್ಲ, ಕೀಲಿ ಒಪ್ಪಿಗೆಯಾಗಲಿಲ್ಲ, ಅನುಮತಿ ಇಲ್ಲ, ಮಿತಿ ಮೀರಿದೆ – ಒಂದೊಂದಕ್ಕೂ ಬೇರೆ ಕ್ರಿಯಾಪದ ಕೊಡಿ.

– ಧಾರವಾಡದಿಂದ

*

ಕೀಲಿ ಎನ್ನುತ್ತೀರಿ, ಸರ್ವರ್ ಎನ್ನುತ್ತೀರಿ, ಆಮೇಲೆ ನನ್ನ ‘ಒರೆ’ಗೆ ಅರ್ಥಶುದ್ಧಿಯ ಪಾಠ ಹೇಳುತ್ತೀರಿ. ಎರವಲು ತಂದ ಪದಕ್ಕೆ ನೀವು ಹೇಳಿದ ಅರ್ಥವನ್ನು ಎಲ್ಲರೂ ಒಪ್ಪಬೇಕು. ಕನ್ನಡದ ಪದ ಮಾತ್ರ ಹಳೆಯ ಅರ್ಥದಿಂದ ಅಲುಗಬಾರದು. ಇದು ನ್ಯಾಯವಲ್ಲ.

– ಶಿವಮೊಗ್ಗದಿಂದ

*

ಅರ್ಜಿ, ವಕೀಲ, ಕಚೇರಿ ಬಿಟ್ಟು ಒಂದು ದಿನ ಆಡಳಿತ ನಡೆಸಿ ತೋರಿಸಿ. ಬಳಕೆ ಒಪ್ಪಿದ್ದು ಕನ್ನಡ. ಮುಂದೆ ಹೇಳುವುದಕ್ಕೇನೂ ಇಲ್ಲ.

– ಧಾರವಾಡದಿಂದ

*

ಇಬ್ಬರೂ ನಾಮಪದ ಹಿಡಿದು ಜಗ್ಗುತ್ತಿದ್ದೀರಿ. ಈ ಕೆಲಸಕ್ಕೆಂದೇ ಕನ್ನಡದಲ್ಲಿ ಒಂದು ಕ್ರಿಯಾಪದವಿದೆ: ಓಗೊಡು. ಓ + ಕೊಡು, ಆದೇಶ ಸಂಧಿ. ಕರೆದಾಗ ‘ಓ’ ಎನ್ನುವುದು, ಅಷ್ಟೇ. ಬರುತ್ತೇನೆಂದಲ್ಲ, ಕೇಳಿದ್ದನ್ನು ಕೊಡುತ್ತೇನೆಂದೂ ಅಲ್ಲ. ಕರೆ ಕೇಳಿಸಿತು, ಇಲ್ಲಿದ್ದೇನೆ ಎಂಬುದು ಮಾತ್ರ.

1983ರಲ್ಲಿ ಮೈಕ್ ಮೂಸ್ ಬರೆದ ‘ಪಿಂಗ್’ ತಂತ್ರಾಂಶ ಮಾಡುವುದೂ ಇದನ್ನೇ. ಆ ಹೆಸರನ್ನು ಅವರು ಆರಿಸಿಕೊಂಡದ್ದು ಸೋನಾರ್ ಸದ್ದಿನಿಂದ: ಸದ್ದು ಹೊರಡಿಸಿ, ಮರುಸದ್ದಿಗೆ ಕಾಯುವುದು. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯಗಳಿಗೆ ಬಡತನವಿಲ್ಲ, ಆದರೂ ‘ಪಿಂಗ್’ ಅನ್ನು ಹಾಗೆಯೇ ಇಟ್ಟುಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಅದು ಆಜ್ಞೆಯ ಹೆಸರು. ಫಲಿತಾಂಶವನ್ನು ಮಾತ್ರ ಕನ್ನಡದಲ್ಲಿ ಹೇಳಿ: ‘ಸರ್ವರ್ ಓಗೊಟ್ಟಿತು, ಕೀಲಿಯನ್ನು ಒಪ್ಪಲಿಲ್ಲ.’ ‘ಗಡುವಿನೊಳಗೆ ಸರ್ವರ್ ಓಗೊಡಲಿಲ್ಲ.’ ಮೊದಲನೆಯದರಲ್ಲಿ ಏಜೆಂಟ್ ನಿಲ್ಲಿಸಿ ಮನುಷ್ಯನನ್ನು ಕೇಳಬೇಕು, ಎರಡನೆಯದರಲ್ಲಿ ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಬಹುದು. ‘ಸಂಪರ್ಕ’ದಿಂದ ಈ ಭೇದ ಹೊರಡುವುದೇ ಇಲ್ಲ.

– ಪುತ್ತೂರಿನಿಂದ

*

‘ಓಗೊಡು’ ಒಪ್ಪಿದೆ. ಹಾಗಾದರೆ ಶೀರ್ಷಿಕೆಯೂ ‘ಓಗೊಡಿಕೆಯ ಒರೆ’ ಆಗಲಿ.

– ಶಿವಮೊಗ್ಗದಿಂದ

*

ಬೇಡ. ಕೀಲಿಯ ಪರೀಕ್ಷೆ ಓಗೊಡಿಕೆಯೊಳಗೆ ಬರುವುದಿಲ್ಲ. ಶೀರ್ಷಿಕೆ ಅಗಲವಾಗಿರಲಿ, ಒಳಗಿನ ಸಾಲು ಮೊನಚಾಗಿರಲಿ.

– ಧಾರವಾಡದಿಂದ

*

ಎಲ್ಲರಿಗೂ ಕೃತಜ್ಞತೆಗಳು. ಶೀರ್ಷಿಕೆಗೆ ‘ಸಂಪರ್ಕ ಪರೀಕ್ಷೆ’, ಫಲಿತಾಂಶಗಳಿಗೆ ‘ಓಗೊಡು’ ಎಂದಿಟ್ಟುಕೊಂಡಿದ್ದೇನೆ. ಒಂದು ಉಳಿದಿದೆ. ಏಜೆಂಟ್ ಓದುವ ವಿವರಣೆಯಲ್ಲಿ ‘ಪರೀಕ್ಷಿಸು’ ಎನ್ನಲೇ, ‘ಪರೀಕ್ಷಿಸಿ’ ಎನ್ನಲೇ? ಮೇಲ್ವಿಚಾರಕರು ಬಹುವಚನ ಬೇಕೆನ್ನುತ್ತಾರೆ.

– ಮೈಸೂರಿನಿಂದ

*

ವಿಧ್ಯರ್ಥವೇ ಬೇಡ. ಸಲಕರಣೆ ಏನು ಮಾಡುತ್ತದೆಂದು ಪ್ರಥಮ ಪುರುಷದಲ್ಲಿ ಹೇಳಿ: ‘ಕೊಟ್ಟ ವಿಳಾಸದಲ್ಲಿರುವ ಎಪಿಐ ಓಗೊಡುತ್ತಿದೆಯೇ ಎಂದು ಪರೀಕ್ಷಿಸುತ್ತದೆ, ದತ್ತಾಂಶವನ್ನು ಬದಲಾಯಿಸುವುದಿಲ್ಲ.’ ಎರಡನೆಯ ತುಂಡನ್ನು ಬಿಡಬೇಡಿ. ಇದನ್ನು ಕರೆದರೆ ಅಪಾಯವಿಲ್ಲ ಎಂದು ಏಜೆಂಟ್‌ಗೆ ತಿಳಿಯುವುದು ಅದರಿಂದಲೇ. ಏಜೆಂಟ್ ಬಗ್ಗೆ ಬರೆಯುವಲ್ಲಿ ನಪುಂಸಕ ಲಿಂಗವೇ ಇರಲಿ: ಕರೆಯುತ್ತದೆ, ಕಾಯುತ್ತದೆ.

– ಪುತ್ತೂರಿನಿಂದ